ಗಾಳಿ ತೆಗೆದ ಬೆಲ್ಲ

ಆಹಾರ ಪದಾರ್ಥಗಳನ್ನು ಗಾಳಿಯಾಡದಂತೆ ಕಟ್ಟುವ ಯಂತ್ರವೊಂದನ್ನು ಆರಿಸುವ ಘನ ಹೊಣೆ ನನ್ನ ತಲೆಗೆ ಬಂದದ್ದು ರೇಂಜ್ ಆಫೀಸಿನ ಜಗಲಿಯಲ್ಲಿ, ರೇಂಜರ್ ಸಾಹೇಬರು ಹಲ್ಲಿಗೆ ಕಡ್ಡಿ ಹಾಕುತ್ತ ನಿಂತಿದ್ದಾಗ. ನಾನಾಗ ಅಂತರಸಂತೆಯಿಂದಾಚೆ ಕಾಡೊಳಗಿನ ಕ್ಯಾಂಪೊಂದರಲ್ಲಿ ಫಾರೆಸ್ಟ್ ಗಾರ್ಡು. ಕಳ್ಳಬೇಟೆಯವರನ್ನು ತಡೆಯುವ ಕ್ಯಾಂಪು ಅದು. ಹದಿನೈದು ದಿನ ಅಲ್ಲಿ, ನಾಲ್ಕು ದಿನ ಹುಣಸೂರಿನ ಮನೆಯಲ್ಲಿ. ಹೀಗೆ ಎರಡೂ ಕಡೆ ನೆಂಟನಂತೆ ಬದುಕಿದ್ದೆ.

"ಆನೆಗೆ ವಾಸನೆ ಹೋಗಬಾರದು ಕಣಯ್ಯ. ವಾಸನೆ ಹೋಗದಿದ್ರೆ ಅದ್ಯಾಕೆ ಬರುತ್ತೆ? ಈಗ ಗಾಳಿ ಎಳೆದು ಪ್ಯಾಕ್ ಮಾಡೋ ಮೆಷಿನ್ ಬಂದಿದೆಯಂತೆ. ನೀನು ಪಿಯುಸಿ ಓದಿದೋನು. ನೋಡಿ ಒಂದು ಆರಿಸು" ಎಂದರು ಸಾಹೇಬರು.

"ಇಲಾಖೆ ಕಡೆಯಿಂದ ಗ್ರಾಂಟು..."

"ಗ್ರಾಂಟು ಎಲ್ಲಿಂದ ತರೋಣ? ನೀನೇ ತಗೋ. ಕ್ಯಾಂಪಿಗೂ ಆಯ್ತು, ಮನೆಗೂ ಆಯ್ತು."

ಆಗಲಿ ಸಾರ್ ಎಂದೆ. ಆ ಎರಡು ತಿಂಗಳು ನಾನು ಎಲ್ಲದಕ್ಕೂ ಆಗಲಿ ಎನ್ನುತ್ತಿದ್ದೆ. ಮಗ್ಗುಲಾಗಿ ಮಲಗಿ ಎದ್ದಾಗ ಅಡಿಯಲ್ಲಿ ಸಿಕ್ಕಿದ ತೋಳು ಜೋಮು ಹಿಡಿದು ಯಾರದೋ ತೋಳಿನಂತೆ ಪಕ್ಕದಲ್ಲಿ ಬಿದ್ದಿರುತ್ತದಲ್ಲ, ನಾನು ಇಡಿಯಾಗಿ ಹಾಗಿದ್ದೆ. ಈ ಯಂತ್ರ ಬೇಕಾದದ್ದೇ ನನ್ನ ದೆಸೆಯಿಂದ ಎಂಬುದು ಸಾಹೇಬರಿಗೆ ಗೊತ್ತಿರಲಿಲ್ಲ. ಯಾರಿಗೂ ಗೊತ್ತಿರಲಿಲ್ಲ.

ನಡೆದದ್ದು ಇಷ್ಟು. ನಮ್ಮ ಕ್ಯಾಂಪೆಂದರೆ ತಗಡು ಹೊದಿಸಿದ ಎರಡು ಕೋಣೆ, ಪಕ್ಕದಲ್ಲೊಂದು ಅಡುಗೆಮನೆ, ಸುತ್ತ ಆನೆ ದಾಟದಂತೆ ತೋಡಿದ ಕಂದಕ. ಆ ಮಳೆಗಾಲದಲ್ಲಿ ಕಂದಕದ ಒಂದು ಮಗ್ಗುಲು ಕುಸಿದು ಹೆದ್ದಾರಿಯಂತೆ ಆಗಿತ್ತು. ರೇಷನ್ನೆಲ್ಲ ಒಂದು ಕಬ್ಬಿಣದ ಟ್ರಂಕಿನಲ್ಲಿ: ಅಕ್ಕಿ, ರಾಗಿ ಹಿಟ್ಟು, ಬೆಲ್ಲ, ಒಣಮೀನು. ಟ್ರಂಕು ಅಡುಗೆಯಣ್ಣನ ಉಸ್ತುವಾರಿ. ಅಣ್ಣ ಅಂತರಸಂತೆಯವನು, ನನಗಿಂತ ಹದಿನೈದು ವರ್ಷಕ್ಕೆ ದೊಡ್ಡವನು, ದಿನಗೂಲಿಯ ಮೇಲೆ ಹನ್ನೊಂದು ವರ್ಷದಿಂದ ನಮಗೆ ಮುದ್ದೆ ಬೇಯಿಸುತ್ತಿದ್ದವನು. ಟ್ರಂಕಿನ ಕೊಂಡಿ ಹಾಕಿ, ಅದಕ್ಕೊಂದು ಗೂಟ ಸಿಕ್ಕಿಸಿಯೇ ನೀರಿಗೆ ಹೋಗುತ್ತಿದ್ದ. ಆ ದಿನ ಬೆಳಗ್ಗೆ ಅವನು ನೀರಿಗೆ ಹೋದ ಮೇಲೆ ನಾನು ಗೂಟ ತೆಗೆದು, ಎರಡು ಅಚ್ಚು ಬೆಲ್ಲ ಜೇಬಿಗಿಳಿಸಿದೆ. ಬೀಟಿನಲ್ಲಿ ಕಾಡು ಸುತ್ತುವಾಗ ಬಾಯಿಗೊಂದಿಷ್ಟು ಬೆಲ್ಲ ಬೇಕು, ಅದು ನನ್ನ ಚಟ. ಹೊರಗಿಂದ ವಾಚರುಗಳು, "ಬತ್ತೀರೋ, ಇಲ್ಲ ಮದ್ವೆಗಂಡಿನಂಗೆ ಅಲ್ಲೇ ಕೂತೀರೋ!" ಎಂದು ಕೂಗಿದರು. ಹೊರಟೆ. ಕೊಂಡಿ ಹಾಕಲಿಲ್ಲ.

ಮಧ್ಯಾಹ್ನ ಎರಡಕ್ಕೆ ಹಿಂದಿರುಗಿದಾಗ ಅಡುಗೆಮನೆಗೆ ಒಂದು ಗೋಡೆ ಕಡಿಮೆಯಿತ್ತು. ಅಣ್ಣ ಹೊಂಗೆಮರದ ಬುಡಕ್ಕೆ ತೆವಳಿಕೊಂಡು ಬಂದು ಒರಗಿದ್ದ. ನೀರು ತಂದಿಳಿಸುವಷ್ಟರಲ್ಲೇ ಆನೆ ನೂಕಿದ ಗೋಡೆ ಮೇಲೆ ಬಿದ್ದು ಬಲಗಾಲು ಮುರಿದಿತ್ತು. ಆನೆ ಟ್ರಂಕನ್ನು ಅಂಗಳಕ್ಕೆಳೆದು, ತಿನ್ನಬೇಕಾದ್ದನ್ನು ತಿಂದು, ಒಣಮೀನನ್ನು ಮಾತ್ರ ಮುಟ್ಟದೆ ಹೋಗಿತ್ತು. ಸಸ್ಯಾಹಾರಿಯ ಶಿಸ್ತು.

ಅಣ್ಣನನ್ನು ಜೀಪಿನಲ್ಲಿ ಕೋಟೆ ತಾಲ್ಲೂಕು ಆಸ್ಪತ್ರೆಗೆ ಸಾಗಿಸಿದೆವು. ಮರುದಿನ ಸಾಹೇಬರು ಬಂದು ಟ್ರಂಕನ್ನು ತಿರುಗಿಸಿ ನೋಡಿ, "ಮುಚ್ಚಳ ನಜ್ಜುಗುಜ್ಜಾಗಿದೆ, ಕೊಂಡಿ ನೆಟ್ಟಗಿದೆ. ಅಂದ್ರೆ ಹಾಕಿರಲೇ ಇಲ್ಲ" ಎಂದರು. ವರದಿ ಬರೆದವನು ನಾನು. ಕೊಂಡಿ ಹಾಕಿರಲಿಲ್ಲವೆಂದು ಚಂದದ ಅಕ್ಷರದಲ್ಲಿ ಬರೆದೆ. ಹಾಕದವನು ಯಾರೆಂದು ಬರೆಯಲಿಲ್ಲ. ಟ್ರಂಕು ಅಡುಗೆಯವನ ಉಸ್ತುವಾರಿಯಾದ್ದರಿಂದ ಯಾರೂ ಕೇಳಲೂ ಇಲ್ಲ. ಪಟ್ಟಿ ಬಿಚ್ಚಿಸಿಕೊಂಡು ಅಣ್ಣ ಕೋಲೂರಿಕೊಂಡು ಆಫೀಸಿಗೆ ಬಂದಾಗ, ಅಜಾಗರೂಕರು ಕ್ಯಾಂಪಿಗೆ ಬೇಡವೆಂದು ಹೇಳಿ ಕಳಿಸಿದರಂತೆ. ದಿನಗೂಲಿಯವನನ್ನು ಬಿಡಿಸಲು ಕಾಗದವೂ ಬೇಡ, ಒಂದು ಮಾತು ಸಾಕು. ನನಗೆ ಸುದ್ದಿ ಮುಟ್ಟಿದಾಗ ನಾನು ಬೂಟಿನ ಲೇಸು ಕಟ್ಟುತ್ತಿದ್ದೆ. ಕಟ್ಟಿ ಮುಗಿಸಿದೆ.

ಇನ್ನು ಯಂತ್ರದ ಆಯ್ಕೆ. ಹುಣಸೂರು ಬಸ್‌ಸ್ಟ್ಯಾಂಡಿನ ಹತ್ತಿರ ತಕ್ಕಡಿ, ತೂಕದ ಬಟ್ಟು, ಪ್ಲಾಸ್ಟಿಕ್ ಕವರು ಮಾರುವ ಅಂಗಡಿಯೊಂದಿತ್ತು. ಅಂಗಡಿಯವನ ಮುಂದೆ ನನ್ನ ಬೇಡಿಕೆಯನ್ನು ಮಂಡಿಸಿದೆ. ಅವನು ಗಂಭೀರವಾಗಿ ಕೇಳಿ, ಮೂವರು ಅಭ್ಯರ್ಥಿಗಳನ್ನು ಮುಂದಿಟ್ಟ.

ಮೊದಲನೆಯದು ಮೇಣದಬತ್ತಿ ಮತ್ತು ಗರಗಸದ ಬ್ಲೇಡು. ಕವರಿನ ಬಾಯನ್ನು ಬ್ಲೇಡಿಗೆ ಮಡಿಸಿ ಹಿಡಿದು ಉರಿಯ ಮೇಲೆ ಎಳೆದರೆ ಅಂಟುತ್ತದೆ. ಊರಿನ ಕಡಲೆಕಾಯಿ ಪೊಟ್ಟಣಗಳೆಲ್ಲ ಹೀಗೇ ಹುಟ್ಟಿದವು. ನಾನು ಎಳೆದೆ. ಕವರೂ ಹೋಯಿತು, ಹೆಬ್ಬೆರಳೂ ಸ್ವಲ್ಪ ಹೋಯಿತು. ಸುಟ್ಟದ್ದು ನನಗೆ ಗೊತ್ತಾದದ್ದು ಅಂಗಡಿಯವನು "ಅಯ್ಯೋ ಸಾರ್, ಬೆರಳು!" ಎಂದ ಮೇಲೆ.

ಎರಡನೆಯದು ಕೈಯಲ್ಲಿ ಒತ್ತುವ ಮೆಷಿನ್ನು. ಕರೆಂಟಿಗೆ ಸಿಕ್ಕಿಸಿ ಕಟಕ್ ಎಂದು ಒತ್ತಿದರೆ ಬಾಯಿ ಮುಚ್ಚುತ್ತದೆ, ಗಾಳಿ ಒಳಗೇ ಉಳಿಯುತ್ತದೆ.

ಮೂರನೆಯದು ಗಾಜಿನ ಮುಚ್ಚಳದ, ಹಾಲಿನ ಕ್ಯಾನಿನಷ್ಟು ಭಾರದ ಪೆಟ್ಟಿಗೆ. "ಕೊಡಗಿನ ಕಡೆ ಒಬ್ರು ಹಂದಿಮಾಂಸ ಪ್ಯಾಕ್ ಮಾಡಕ್ಕೆ ಇಟ್ಕೊಂಡಿದ್ರು ಸಾರ್. ಯಾಪಾರ ಕೈ ಹತ್ತಲಿಲ್ಲ. ಮೆಷಿನ್ ಮಾತ್ರ ಚಿನ್ನ" ಎಂದು ಅಂಗಡಿಯವನು ಅದರೊಳಗೆ ಒಂದು ಕವರು ಕಡ್ಲೆಪುರಿ ಇಟ್ಟು ಮುಚ್ಚಳ ಅದುಮಿದ. ಯಂತ್ರ ಗೊರಕೆ ಹೊಡೆಯಿತು. ಒಂದು ಸೇರು ಪುರಿ ನೋಡನೋಡುತ್ತ ಸಾಬೂನು ಬಿಲ್ಲೆಯಷ್ಟಾಯಿತು.

"ಇದನ್ನ ತಿನ್ನೋದು ಹೆಂಗಪ್ಪ?"

"ಪುರಿ ಯಾರ್ ಸಾರ್ ಆಕ್ತಾರೆ ಇದ್ಕೆ? ನಿಮ್ಗೆ ತೋರ್ಸಕ್ಕೆ ಆಕ್ದೆ."

"ಹಿಟ್ಟು ಹಾಕು."

ಅವನ ಮನೆಯಿಂದಲೇ ಒಂದು ಪಾವು ರಾಗಿ ಹಿಟ್ಟು ಬಂತು. ಯಂತ್ರ ಗಾಳಿಯ ಜೊತೆಗೆ ಹಿಟ್ಟನ್ನೂ ಎಳೆದುಕೊಂಡು ಹಿಂದಿನ ತೂತಿನಿಂದ ಸೀನಿತು. ಅಂಗಡಿಯವನ ಮೀಸೆ ಬೂದುಬಣ್ಣಕ್ಕೆ ತಿರುಗಿತು. ಹಿಟ್ಟಿನ ಮೇಲೊಂದು ಬಟ್ಟೆ ತುಂಡಿಟ್ಟು ಎಳೆಯಬೇಕು ಸಾರ್ ಎಂದು ಆಮೇಲೆ ಜ್ಞಾಪಿಸಿಕೊಂಡ. ಬಟ್ಟೆಯಿಟ್ಟಾಗ ಕೆಲಸ ಕೆಟ್ಟದ್ದಾಗಿರಲಿಲ್ಲ.

"ಆನೆಗೆ ವಾಸನೆ ಹೋಗಲ್ವಾ?" ಎಂದು ಕೇಳಿದೆ.

ಅವನು ಮೀಸೆ ಒರೆಸಿಕೊಂಡು ಯೋಚಿಸಿ, "ಇಲ್ಲೀಗಂಟ ಯಾವ ಆನೆನೂ ಬಂದು ಕಂಪ್ಲೇಂಟ್ ಕೊಟ್ಟಿಲ್ಲ ಸಾರ್" ಎಂದ.

ಮೂರನೆಯದನ್ನೇ ಆರಿಸಿದೆ. ಆರಿಸಿದೆ ಎನ್ನುವುದು ದೊಡ್ಡ ಮಾತು. ಅದು ಎಲ್ಲಕ್ಕಿಂತ ಭಾರವಾಗಿತ್ತು, ಹೊತ್ತುಕೊಂಡು ಹೋದೆ.

ಹೆಂಡತಿ ಅದನ್ನು ಟಿ.ವಿ. ಪಕ್ಕದಲ್ಲಿ ಇಡಿಸಿದಳು. ಸುತ್ತ ಒಂದು ಪ್ರದಕ್ಷಿಣೆ ಬಂದು ವಯರು ಹಿಡಿದುಕೊಂಡು ಕೇಳಿದಳು:

"ರೀ, ಕ್ಯಾಂಪಲ್ಲಿ ಕರೆಂಟೇ ಇಲ್ವಲ್ಲ?"

ಇರಲಿಲ್ಲ. ವಯರ್‌ಲೆಸ್ಸಿಗೊಂದು ಬ್ಯಾಟರಿ, ಸೋಲಾರಿನದೊಂದು ದೀಪ, ಅಷ್ಟೆ. ನಾಲ್ಕು ವರ್ಷ ಆ ಕತ್ತಲೆಯಲ್ಲಿ ಉಂಡವನಿಗೆ ಅಂಗಡಿಯಲ್ಲಿ ಅರ್ಧ ದಿನ ನಿಂತರೂ ಅದು ಹೊಳೆದಿರಲಿಲ್ಲ.

"ಇಲ್ಲೇ ಪ್ಯಾಕ್ ಮಾಡಿ ತಗೊಂಡೋಗೋದು" ಎಂದೆ, ಮೊದಲಿಂದ ಅದೇ ಯೋಜನೆಯೆಂಬಂತೆ.

"ಊಂ. ಇಲ್ಲಿ ಕರೆಂಟು ಇದ್ದಾಗ" ಎಂದಳು.

ಕರೆಂಟು ಬಂದಾಗಲೆಲ್ಲ ಇಬ್ಬರೂ ಕೂತು ಕಟ್ಟಿದೆವು. ಒಂದು ಹೊತ್ತಿಗೆ ಒಂದು ಪೊಟ್ಟಣ. ಹಿಟ್ಟು, ಬೇಳೆ, ಬೆಲ್ಲ. ಗಾಳಿ ಹೋದ ಬೆಲ್ಲಕ್ಕೆ ಕವರು ಚರ್ಮದಂತೆ ಅಂಟಿಕೊಳ್ಳುತ್ತಿತ್ತು. ಮೂರನೆಯ ದಿನ ಅವಳು ನನ್ನ ಖಾಕಿ ಷರ್ಟು ಒಗೆಯಲು ತೆಗೆದು, ಜೇಬನ್ನು ಒಳಗು ಹೊರಗು ಮಾಡಿ ನನ್ನ ಮುಂದೆ ಹಿಡಿದಳು. ಜೇಬಿನ ತುಂಬ ಇರುವೆ, ಕರಗಿದ ಬೆಲ್ಲದ ಅಂಟು.

"ಒಂದ್ ಮಾತು ಕೇಳ್ತೀನಿ. ಆವತ್ತು ಟ್ರಂಕಿಗೆ ಕೈ ಹಾಕಿದ್ದೋರು ಯಾರು?"

"ನಾನೇ."

ಅಷ್ಟು ಸಲೀಸಾಗಿ ಬಂತು. ಅವಳು ಷರ್ಟನ್ನು ಬಕೆಟ್ಟಿಗೆ ಹಾಕಿ ಅದ್ದಿದಳು.

"ಅಣ್ಣಂಗೆ ಹೇಳಿದ್ರಾ?"

"ಇಲ್ಲ."

"ಅಂಗಡಿ ಸುತ್ತಕ್ಕೆ ಮಾತ್ರ ಪುರುಸೊತ್ತಿತ್ತು" ಎಂದಳು. ಆ ಸಂಜೆ ಪೊಟ್ಟಣ ಕಟ್ಟಲು ಬರಲಿಲ್ಲ.

ರಜೆ ಮುಗಿದು ಕ್ಯಾಂಪಿಗೆ ಹೋಗುವ ದಿನ ಅಂತರಸಂತೆಯಲ್ಲಿ ಬಸ್ಸಿಳಿದೆ. ಸಂತೆಯ ದಿನ. ಅಣ್ಣ ಮನೆಯ ಜಗಲಿಯಲ್ಲಿ ಕಾಲು ನೀಡಿಕೊಂಡು ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದ. ನನ್ನನ್ನು ಕಂಡು ಎದ್ದೇಳಲು ಹೋದ. ಕೂತ್ಕೋ ಅಣ್ಣ ಎಂದೆ. ಬೆಲ್ಲದ ಪೊಟ್ಟಣ ಕೊಟ್ಟೆ. ತಿರುಗಿಸಿ, ಉಗುರಿನಿಂದ ಕುಟ್ಟಿ ನೋಡಿದ.

"ಕಲ್ಲಾಗೋಗದಲ್ಲ ಸಾಮಿ! ಏನಿದು?"

"ಗಾಳಿ ತೆಗೆದಿದ್ದೀವಿ. ಆನೆಗೆ ವಾಸನೆ ಹೋಗಲ್ಲ."

ಅಣ್ಣ ನಕ್ಕ. "ಆನೆಗೆ ವಾಸ್ನೆ ಯಾಕೆ? ಒಗೆ ಕಂಡ್ರೆ ಸಾಕು, ಇಲ್ಲೊಂದು ಒಲೆ ಅದೆ ಅಂತ ಅದ್ಕೆ ಗೊತ್ತಾಯ್ತದೆ. ಹನ್ನೊಂದ್ ವರ್ಸ ನೋಡಿಲ್ವಾ ನಾನು? ಕಂದಕ ಕುಸ್ದಿತ್ತು, ಬಂತು. ಅಷ್ಟೇಯ." ಆಮೇಲೆ ನಗು ನಿಲ್ಲಿಸಿ, "ಆದ್ರೂ ಕೊಂಡಿ ಆಕ್ದೆ ಓದ್ನಲ್ಲ, ಅದೇ ತಿಳೀದು. ಗೂಟ ಸಿಕ್ಸಿದ್ದು ಕಣ್ಣಿಗ್ ಕಟ್ದಂಗದೆ. ಮರ್ವು ಬಂದದೆ ಬುಡಿ. ವಯಸ್ಸಾಯ್ತು."

ಅಣ್ಣ ಮತ್ತೊಂದು ಮೆಣಸಿನಕಾಯಿಯ ತೊಟ್ಟು ಕಿತ್ತ.

"ಈಗ ಮನೇಲೂ ನಂಬ್ಕೆ ಇಲ್ಲ ಸಾಮಿ. ಒಲೆ ಆರ್ಸಿದ್ನಾ ಅಂತ ಮೂರ್ ಮೂರ್ ಸಲಿ ಎದ್ದೋಗಿ ನೋಡ್ತೀನಿ. ಬಾಗ್ಲು ಆಕಿದ್ನಾ ಅಂತ ನೋಡ್ತೀನಿ. ನಮ್ಮೆಂಗ್ಸು ನಗ್ತದೆ."

"ಕೊಂಡಿ ನೀನು ಹಾಕಿದ್ದೆ. ತೆಗೆದದ್ದು ನಾನು. ಬೆಲ್ಲ ತಗೊಂಡು ಹಾಗೇ ಹೋದೆ" ಎಂದೆ.

ಅಣ್ಣನ ಕೈ ಮೆಣಸಿನಕಾಯಿಯ ಮೇಲೆ ನಿಂತಿತು. ಬೀದಿಯಲ್ಲಿ ಯಾರೋ ಕೋಳಿಗಳನ್ನು ತಲೆಕೆಳಗಾಗಿ ಹಿಡಿದು ಹೋದರು. ಅವರು ತಿರುಗುವವರೆಗೂ ಅವನು ಆ ಕಡೆ ನೋಡಿದ.

"ನಾನ್ ಮರ್ತಿರ್ಲಿಲ್ಲ" ಎಂದ.

"ಇಲ್ಲ."

"ಎಳ್ಡು ತಿಂಗ್ಳು."

"ಹೌದು."

"ಗೋಡೆ ಬಿದ್ದದ್ದು ಆನೆ ಕೆಲ್ಸ. ಕಾಲು ಮುರ್ದದ್ದಕ್ಕೆ ನಿಮ್ಮುನ್ನ ಏನೂ ಅನ್ನಕಿಲ್ಲ. ಆದ್ರೆ ಎಳ್ಡು ತಿಂಗ್ಳು ನನ್ ತಲೆ ನನ್ಗೇ ಇಲ್ದಂಗೆ ಮಾಡುದ್ರಲ್ಲ, ಅದು ನಿಮ್ ಕೆಲ್ಸ." ದನಿ ಏರಿರಲಿಲ್ಲ. ಬೆಲ್ಲದ ಪೊಟ್ಟಣವನ್ನು ನನ್ನ ಪಕ್ಕಕ್ಕೆ ತಳ್ಳಿದ. "ಇದ ತಗೊಂಡೋಗಿ. ನನ್ ಜಗ್ಲಿ ಮ್ಯಾಲೆ ಯೋಳಿ ಏನ್ ಬಂತು? ಅಲ್ಲೋಗಿ ಯೋಳಿ, ಆಪೀಸ್ನಲ್ಲಿ."

ಕ್ಯಾಂಪಿಗೆ ಹೋಗಲಿಲ್ಲ. ರೇಂಜ್ ಆಫೀಸಿಗೆ ಹೋಗಿ, ಒಂದು ಹಾಳೆ ಇಸಿದುಕೊಂಡು, ನಿಂತೇ ಬರೆದೆ. ಈ ಸಲ ಅಕ್ಷರ ಚಂದವಿರಲಿಲ್ಲ. ಸಾಹೇಬರು ಓದಿ ಕನ್ನಡಕ ತೆಗೆದರು.

"ಈಗ್ಯಾಕಯ್ಯ ಇದೆಲ್ಲ? ಮುಗಿದ ಫೈಲು."

"ಅವನದ್ದು ಮುಗಿದಿಲ್ಲ ಸಾರ್."

ಸಾಹೇಬರು ಕಿಟಕಿಯಾಚೆ ನೋಡಿದರು. ಅಣ್ಣ ಬಿಟ್ಟ ಮೇಲೆ ಬಂದ ಇಬ್ಬರು ಅಡುಗೆಯವರಲ್ಲಿ ಒಬ್ಬ ಎಂಟು ದಿನಕ್ಕೆ ಓಡಿಹೋಗಿದ್ದ, ಇನ್ನೊಬ್ಬ ಓಡಿಹೋಗಿದ್ದರೆ ಚೆನ್ನಾಗಿತ್ತೆಂದು ವಾಚರುಗಳು ಹೇಳುತ್ತಿದ್ದರು. ನನ್ನ ಸತ್ಯಕ್ಕೆ ಆ ಬೆಂದಿಲ್ಲದ ಮುದ್ದೆಯ ಬೆಂಬಲವೂ ಸಿಕ್ಕಿರಬಹುದು.

"ಅವನಿಗೆ ಹೇಳಿಕಳಿಸ್ತೀನಿ. ನೀನು ಕ್ಯಾಂಪು ಬಿಡು. ಗಾವಡಗೆರೆ ಕಡೆ ನರ್ಸರಿಗೆ ಹೋಗು, ಸಸಿಗೆ ನೀರು ಹಾಕು. ಮೆಮೊ ಬರುತ್ತೆ, ಉತ್ತರ ಕೊಡು. ಅಲ್ಲಯ್ಯ, ಬೆಲ್ಲಕ್ಕೆ!"

"ಹೌದು ಸಾರ್."

ಆ ವಾರದ ಕೊನೆಗೆ ಕ್ಯಾಂಪಿನ ಚಾರ್ಜು ಹೊಸ ಗಾರ್ಡಿಗೆ ಒಪ್ಪಿಸಿ, ಹಾಸಿಗೆ ಸುತ್ತಿಕೊಂಡು ಹೊರಬಂದೆ. ರೇಷನ್ ಜೀಪು ಅಂತರಸಂತೆಯಲ್ಲಿ ನನ್ನನ್ನು ಇಳಿಸಿ ಅಣ್ಣನನ್ನು ಹತ್ತಿಸಿಕೊಳ್ಳಬೇಕಿತ್ತು. ಅವನು ರಸ್ತೆ ಬದಿಯಲ್ಲಿ ಕಂಬಳಿ, ಕೋಲು, ಒಂದು ಚೀಲದೊಂದಿಗೆ ನಿಂತಿದ್ದ. ಕಾಲು ಎಳೆಯುತ್ತಿತ್ತು. ಹಿಡಿದು ಹತ್ತಿಸಲು ಕೈ ಚಾಚಿದೆ. ಅವನು ಜೀಪಿನ ಕಂಬಿ ಹಿಡಿದು ತಾನೇ ಹತ್ತಿದ. ಕೋಲನ್ನು ಕಾಲ ಸಂದಿಯಲ್ಲಿ ಇಟ್ಟುಕೊಂಡು ಕೂತು, ಚೀಲದ ಬಾಯಿ ಬಿಚ್ಚಿ ಒಳಗೆ ಒಮ್ಮೆ ನೋಡಿ ಕಟ್ಟಿದ. ಮತ್ತೆ ಬಿಚ್ಚಲಿಲ್ಲ.

ಜೀಪು ಹೊರಡುವಾಗ ನನ್ನ ಕಡೆ ನೋಡದೆ ಕೇಳಿದ:

"ಉಪ್ಪು ಅದಾ ಅಲ್ಲಿ? ಇಲ್ಲೇ ತಗೊಂಡೋಗ್ಬೇಕಾ?"

"ಅದೆ ಅಣ್ಣ. ಎರಡು ಸೇರು ಅದೆ."

"ಸರಿ" ಎಂದು ಡ್ರೈವರನ ಬೆನ್ನು ತಟ್ಟಿದ.