ಮೂರು ಗಾಲಿಗೆ ನಾಲ್ಕು ನಿಂಬೆಹಣ್ಣು

ಮೊನ್ನೆ ನನ್ನ ಮೊಮ್ಮಗಳು ಹೊಸ್ತಿಲು ಹಿಡಿದು ತಾನೇ ಎದ್ದು ನಿಂತಳು. ಆ ಖುಷಿ ಹೊಟ್ಟೆಯಲ್ಲಿ ಹಿಡಿಸಲಾರದೆ, ಮೂರನೇ ಇಯತ್ತೆಗೇ ಸಾಲಿ ಬಿಟ್ಟ ನಾನು ಈ ಹಾಳೆ ಹಿಡಿದು ಕೂತಿದ್ದೇನೆ. ಆದರೆ ಅವಳ ಜೊತೆಗೆ ಒಂದು ಹೆಲಿಕಾಪ್ಟರಿನ ನಾತವೂ ನೆನಪಾಗುತ್ತದೆ. ಈಗಲೂ ಸೆರಗು ತಾನಾಗಿ ಮೂಗಿಗೆ ಹೋಗುತ್ತದೆ.

ಸುರಪುರದ ಒಂದು ಖಾಸಗಿ ದವಾಖಾನೆಯಲ್ಲಿ ನಾನು ಆಯಾ. ಆಂಬುಲೆನ್ಸ್ ತೊಳೆಯುವವಳು ನಾನೇ. ಹಾಸಿಗೆಯ ಮೇಲೆ ಯಾರು ಬೇಕಾದರೂ ಒರೆಸುತ್ತಾರೆ. ನಾನು ಹಾಸಿಗೆ ಎತ್ತಿ, ಅದರ ಕೆಳಗೆ ಬಿಳಿ ಬಟ್ಟೆ ಎಳೆದು, ಆ ಬಟ್ಟೆಯನ್ನು ಮೂಗಿಗೆ ಹಿಡಿದು ನೋಡುತ್ತೇನೆ.

ರೋಗಿಗಳನ್ನು ಒಯ್ಯಲು ಹೆಲಿಕಾಪ್ಟರ್ ಕೊಳ್ಳಬೇಕೆಂಬ ಹುಚ್ಚು ನಮ್ಮ ಡಾಕ್ಟರಿಗೆ ಹಿಡಿದಿತ್ತು. ಯಾರೋ ಬಳಸಿ ಬಿಟ್ಟದ್ದೊಂದು ಮಾರಾಟಕ್ಕಿದೆ ಎಂದು ಗೊತ್ತಾಯಿತು. ತೋರಿಸಲೆಂದು ಅದನ್ನು ರಂಗಂಪೇಟೆಯ ಮೈದಾನದಲ್ಲಿ ಇಳಿಸಿದ ದಿನ, ನನ್ನ ಮಗಳ ಎರಡು ದಿನದ ಕೂಸು ನಮ್ಮ ದವಾಖಾನೆಯ ಗಾಜಿನ ಪೆಟ್ಟಿಗೆಯಲ್ಲಿತ್ತು. ತಿಂಗಳು ತುಂಬದೆ ಹುಟ್ಟಿದ ಕೂಸು, ಉಸಿರಿಗೆ ತಡವರಿಸುತ್ತಿತ್ತು. ಕಲಬುರಗಿಗೆ ಒಯ್ಯಲೇಬೇಕಿತ್ತು.

"ನಿನ್ನ ಮೊಮ್ಮಗಳೇ ಮೊದಲು ಇದರಾಗ ಹೋಗ್ಲಿ ಬೇ. ಚಾ ಆರೋದ್ರಾಗ ಮುಟ್ತಾಳ," ಎಂದರು ಡಾಕ್ಟರ್. "ಒಳಗ ಸ್ವಚ್ಛ ಅದನೋ ಇಲ್ಲೋ ನೀ ನೋಡಿ ಹೇಳು."

ಹೊಸ ಗಾಡಿ ಬಂದರೆ ಗಾಲಿಗೊಂದು ನಿಂಬೆಹಣ್ಣು ಇಟ್ಟು ಅದರ ಮೇಲೆ ಹಾಯಿಸುವುದು ನಮ್ಮ ರೂಢಿ. ಸೆರಗಿನಲ್ಲಿ ನಾಲ್ಕು ಕಟ್ಟಿಕೊಂಡು ಹೋದೆ. ನೋಡಿದರೆ ಅದಕ್ಕೆ ಮೂರೇ ಗಾಲಿ.

"ಇದು ಆಟೋ ಇದ್ದಂಗ ಅದ ಅನ್ರಿ," ಎಂದೆ.

ಮಾರಲು ಬಂದವನು ಮುಖ ಕಿವಿಚಿದ. "ಎರಡು ಇಂಜಿನ್ ಅದಾವ ಅಮ್ಮ. ಒಂದು ಕೆಟ್ರ ಇನ್ನೊಂದು ಒಯ್ತದ."

ಹೊರಗೆ ಬೆಳ್ಳಗೆ ಬಣ್ಣ, ಕೆಂಪು ಗುರುತು, ಮದುವಣಗಿತ್ತಿಯ ಹಾಗಿತ್ತು. ಒಳಗೆ ಕಾಲಿಟ್ಟರೆ ಊದುಬತ್ತಿಯ ವಾಸನೆ. ಕೆಟ್ಟ ನಾತವನ್ನು ಮುಚ್ಚುವವರೇ ಅಷ್ಟು ಊದುಬತ್ತಿ ಹಚ್ಚುವುದು. ರೋಗಿಯ ಹಾಸಿಗೆ ಎತ್ತಿದೆ. ಕೊಳೆತ ಗುಲಾಬಿ ಪಕಳೆ ಅಂಗೈ ದಪ್ಪ ಅಂಟಿಕೊಂಡಿದ್ದವು, ಹುಳ ಹರಿಯುತ್ತಿದ್ದವು. ಮೂಲೆಯಲ್ಲಿ ಕೋಳಿ ಎಲುಬು, ಗೋಡೆಗೆ ಗುಟ್ಕಾ ಉಗುಳಿದ ಕಲೆ. ರೋಗಿಗಳನ್ನು ಒಯ್ಯುವುದು ಬಿಟ್ಟು, ಮದುವೆಗಳ ಮೇಲೆ ಹೂ ಸುರಿಯಲು ತಿರುಗಿದ ಗಾಡಿ ಅದು.

"ದೇವರ ಹೂವು ಅವು," ಎಂದ ಅವನು.

"ದೇವರ ಹೂವಾದ್ರ ತಾಟಿನ್ಯಾಗ ಹಾಕ್ಕೊಂಡು ಉಣ್ರಿ."

ಡಾಕ್ಟರ್ ನಗಲಿಲ್ಲ. "ತೊಳದ್ರ ಹೋಗ್ತದೇನ ಬೇ?" ಎಂದರು. ಅವರ ದನಿಯಲ್ಲಿ ಇನ್ನೂ ಆಸೆಯಿತ್ತು. ಸುಳ್ಳೇಕೆ, ನನಗೂ ಇತ್ತು. ರಸ್ತೆಯ ಮೇಲೆ ಅಷ್ಟು ದೂರ ಕೂಸು ತಡೆದೀತೇ ಎಂಬ ಹೆದರಿಕೆ. ಆದರೂ ಆಕ್ಸಿಜನ್ ಕೊಳವೆಯ ಬಾಯಿ ಮುಟ್ಟಿ ನೋಡಿದೆ. ಬೆರಳಿಗೆ ಮಣ್ಣು ಹತ್ತಿತು. ಕಣಜದ ಹುಳ ಅದರೊಳಗೆ ಗೂಡು ಕಟ್ಟಿ ಮೆತ್ತಿ ಮುಚ್ಚಿತ್ತು.

ಬೆರಳನ್ನು ಅವನ ಮುಂದೆ ಹಿಡಿದೆ. "ನಿಮ್ಮ ಗಾಡಿಗಿ ಎರಡು ಇಂಜಿನ್ ಅದಾವ್ರಿ. ನನ್ನ ಕೂಸಿಗಿ ಒಂದೇ ಉಸಿರು ಅದ."

ಡಾಕ್ಟರ್ ಆ ಮಣ್ಣನ್ನು ತಾವೂ ಬೆರಳಿನಿಂದ ಉಜ್ಜಿ ನೋಡಿದರು. ಆಮೇಲೆ ಅವನಿಗೆ, "ಒಯ್ಯಿರಿ ನಿಮ್ಮ ಹೆಲಿಕಾಪ್ಟರ್," ಎಂದಷ್ಟೇ ಹೇಳಿ, ಆಂಬುಲೆನ್ಸ್ ತಯಾರು ಮಾಡಲು ದವಾಖಾನೆಗೆ ಫೋನು ಹಚ್ಚಿದರು.

ಮುಂಜಾನೆ ನಾನೇ ತೊಳೆದಿದ್ದ ಹಳೇ ಆಂಬುಲೆನ್ಸಿನಲ್ಲಿ ಕೂಸನ್ನು ಹತ್ತಿಸಿದೆವು. ಹೊರಡುವ ಮೊದಲು ಸೆರಗು ಬಿಚ್ಚಿ ನಾಲ್ಕೂ ಗಾಲಿಗೆ ನಿಂಬೆಹಣ್ಣು ಇಟ್ಟೆ.

"ಹಳೇ ಗಾಡಿಗಿ ಯಾಕಬೇ ಇವು?" ಎಂದ ಡ್ರೈವರ್.

"ಇವತ್ತ ಇದೇ ಹೊಸಾದು. ನಡಿ."

ಶಹಾಪುರ ದಾಟುವಾಗ ಆ ಹೊಲಸು ಹೆಲಿಕಾಪ್ಟರ್ ನಮ್ಮ ತಲೆಯ ಮೇಲೆ ಗುರ್ರೆನ್ನುತ್ತ ಹಾರಿಹೋಯಿತು. ಡ್ರೈವರ್ ಬಗ್ಗಿ ನೋಡಿದ. ನಾನು ನೋಡಲಿಲ್ಲ. ಕೂಸಿನ ಎದೆ ಏರುವುದನ್ನೂ ಇಳಿಯುವುದನ್ನೂ ಕಲಬುರಗಿ ಬರುವ ತನಕ ಎಣಿಸುತ್ತ ಕೂತಿದ್ದೆ.

ಆ ಎದೆಯಿಂದ ಈಗ ಎಂಥ ದನಿ ಬರುತ್ತದೆ ನೋಡಿ. ಹೊಸ್ತಿಲಲ್ಲಿ ನಿಂತು ಓಣಿಗೆಲ್ಲ ಕೇಳುವಂತೆ ಚೀರುತ್ತಿದ್ದಾಳೆ. ನಾನು ಬರೆಯುವ ಪೆನ್ನು ಬೇಕಂತೆ.