ಬ್ಯಾಡ ಎಂಬ ಬಟನ್

ಗಜೇಂದ್ರಗಡದ ಒಂದು ಮುದ್ರಣಾಲಯದಲ್ಲಿ ನಾನು ಹಲವು ವರ್ಷ ಮದುವೆ ಕಾರ್ಡು ಟೈಪ್ ಮಾಡಿದವಳು. ವಧುವರರ ಹೆಸರು, ಮುಹೂರ್ತ, ಸುಖಾಗಮನ ಬಯಸುವವರ ಉದ್ದ ಪಟ್ಟಿ, ಇಷ್ಟೇ ನನ್ನ ಲೋಕ. ಜನ ಕಾರ್ಡನ್ನೂ ಫೋನಿನಲ್ಲೇ ಕಳಿಸಲು ಶುರು ಮಾಡಿದ ಮೇಲೆ ಹಿಂದಿನ ಕೋಣೆಯ ಅಚ್ಚಿನ ಯಂತ್ರ ಸುಮ್ಮನಾಯಿತು. ನಮ್ಮ ಮಾಲೀಕರು ಸುಮ್ಮನೆ ಕೂರುವ ಮನುಷ್ಯರಲ್ಲ. ಹುಬ್ಬಳ್ಳಿಗೆ ಹೋಗಿ ಎರಡು ದಿನ ಇದ್ದು ಏನನ್ನೋ ಕಲಿತು ಬಂದರು.

“ಅಕ್ಕಾರ, ಇನ್ನ ಕಾಗದದ ಕೆಲಸ ಸಾಕು,” ಅಂದರು. “ಅಂಗಡ್ಯಾವ್ರ ಮೆಸೇಜ್ ನಾವು ಕಳಸೂದು. ಸಾದಾ ಮೆಸೇಜ್ ಅಲ್ಲ, ಮಾತಾಡೂ ಮೆಸೇಜ್.”

ಅವರು ತಮ್ಮ ಫೋನಿನಲ್ಲಿ ತೋರಿಸಿದರು. ನಾವು ದಿನಾ ನೋಡುವ ಮೆಸೇಜ್ ಪೆಟ್ಟಿಗೆಯೇ. ಆದರೆ ಅದರಲ್ಲಿ ದೊಡ್ಡ ಫೋಟೋ, ಅಂಗಡಿಯ ಹೆಸರು, ಹೆಸರಿನ ಪಕ್ಕ ಇವರು ಖರೇ ಅಂಗಡಿಯವರೇ ಎಂದು ಹೇಳುವ ಸಣ್ಣ ಟಿಕ್ ಗುರುತು. ಕೆಳಗೆ ಒತ್ತಲು ಬಟನ್‌ಗಳು. ಒತ್ತಿದರೆ ತಕ್ಷಣ ಮರುಮಾತು. ಯಾರು ತೆರೆದು ಓದಿದರು, ಯಾವ ಹೊತ್ತಿಗೆ ಓದಿದರು, ಯಾವ ಬಟನ್ ಒತ್ತಿದರು ಎಲ್ಲವೂ ನಮ್ಮ ಕಂಪ್ಯೂಟರಿಗೆ ಕಾಣುತ್ತಿತ್ತು. ಇನ್ನೊಬ್ಬರ ಮನೆಯ ಕಿಟಕಿಯೊಳಗೆ ಇಣುಕಿದಂತಿದೆಯಲ್ಲ ಎಂದು ಆಗಲೇ ನನಗೆ ಅನಿಸಬೇಕಿತ್ತು. ಅನಿಸಲಿಲ್ಲ.

ಮೊದಲು, ಈ ಮೆಸೇಜ್ ಸೇವೆ ಕೊಡುವ ಹುಬ್ಬಳ್ಳಿಯ ಕಂಪನಿಯವರೇ ಕೊಟ್ಟ ಮಾದರಿಯನ್ನು ಕಳಿಸಿದೆವು. ‘ಪ್ರಿಯ ಗ್ರಾಹಕರೇ, ನಮ್ಮ ವಿಶೇಷ ಕೊಡುಗೆಗಳನ್ನು ಅನ್ವೇಷಿಸಿ’ ಎಂದಿತ್ತು. ಯಾರೂ ಒತ್ತಲಿಲ್ಲ.

“ಇದನ್ನ ಓದಿದ್ರ ಕೋರ್ಟ್ ನೋಟಿಸ್ ಬಂದಂಗ ಆಕ್ಕೈತಿ,” ಅಂದರು ಮಾಲೀಕರು. “ನೀವು ನಿಮ್ಮ ಮನ್ಯಾಗ ಹ್ಯಾಂಗ ಮಾತಾಡ್ತೀರಿ, ಹಂಗ ಬರೀರಿ. ಗ್ರಾಹಕರೇ ಅನಬ್ಯಾಡ್ರಿ. ಅಕ್ಕಾ ಅನ್ರಿ, ಅಣ್ಣಾ ಅನ್ರಿ.”

ನರಗುಂದದ ಒಂದು ಸೀರೆ ಅಂಗಡಿಗಾಗಿ ಬರೆದೆ: ‘ಯಕ್ಕಾ, ಹೊಸಾ ಸೀರಿ ಬಂದಾವು. ತಗೋಳೂದು ಬಿಡೂದು ಆಮ್ಯಾಲೆ, ಒಮ್ಮೆ ಸೆರಗರ ಮುಟ್ಟಿ ನೋಡಿ ಹೋಗ್ರಿ.’ ಕೆಳಗೆ ಮೂರು ಬಟನ್: ‘ಬರ್ತೀನಿ’, ‘ಫೋಟೋ ತೋರ್ಸ್ರಿ’, ‘ಬ್ಯಾಡ’. ಜನ ಒತ್ತಿದ್ದೇ ಒತ್ತಿದ್ದು. ಸೀರೆ ಅಂಗಡಿಯವರು ಮಾಲೀಕರಿಗೆ ಪೇಢೆ ಕಳಿಸಿದರು. ಅದರಲ್ಲಿ ಎರಡು ನನಗೂ ಬಂದವು. ನಾನು ಹಿಗ್ಗಿದೆ, ಸುಳ್ಳು ಯಾಕೆ ಹೇಳಲಿ? ನಮ್ಮವ್ವ ಪಕ್ಕದ ಮನೆಯವರನ್ನು ಗೋಡೆಯ ಮೇಲಿಂದ ಕರೆಯುತ್ತಿದ್ದ ದನಿ ಅದು. ಹೊಸ ರೊಟ್ಟಿ ಬಡಿದಾಗ, ಯಾರಿಗಾದರೂ ಜ್ವರ ಬಂದಾಗ ಅವಳು ಕರೆಯುತ್ತಿದ್ದ ದನಿ. ಅದನ್ನು ನಾನು ಅಂಗಡಿಗಳಿಗೆ ಬಾಡಿಗೆಗೆ ಕೊಡುತ್ತಿದ್ದೆ. ಕನ್ನಡಕದವರು ಬಂದರು, ಪಾತ್ರೆ ಅಂಗಡಿಯವರು ಬಂದರು. ಎಲ್ಲರಿಗೂ ಅವ್ವನ ದನಿ ಹಂಚಿದೆ.

ರೋಣದ ಒಂದು ಔಷಧಿ ಅಂಗಡಿ ಬಂದದ್ದು ಆಮೇಲೆ. ಅವರು ನಮಗೆ ಗಿರಾಕಿಗಳ ಫೋನ್ ನಂಬರಿನ ಜೊತೆ, ಯಾರು ಯಾವ ಔಷಧಿ ಒಯ್ದರು ಎಂಬ ಪಟ್ಟಿಯನ್ನೂ ಕೊಟ್ಟರು. ಸಕ್ಕರೆ ಕಾಯಿಲೆಯ ಗುಳಿಗೆಯವರು ಒಂದು ಕಡೆ, ಮೂಲವ್ಯಾಧಿಯ ಮುಲಾಮಿನವರು ಒಂದು ಕಡೆ, ಮಕ್ಕಳಾಗಲೆಂದು ಔಷಧಿ ತೆಗೆದುಕೊಳ್ಳುವವರು ಒಂದು ಕಡೆ. ಊರವರ ಮೈಯೊಳಗಿನ ಗುಟ್ಟುಗಳೆಲ್ಲ ನನ್ನ ಕಂಪ್ಯೂಟರಿನಲ್ಲಿ ಸಾಲಾಗಿ ನಿಂತಿದ್ದವು. ನಾನು ಒಂದೊಂದು ರೋಗಕ್ಕೂ ಒಂದೊಂದು ಅಕ್ಕರೆಯ ಮಾತು ಬರೆದೆ. ಫೋಟೋಗಳನ್ನು ಮಾಲೀಕರು ಹುಡುಕಿ ಹಾಕಿದರು. ಮಧ್ಯಾಹ್ನ ಬುತ್ತಿ ಬಿಚ್ಚಿ ಉಂಡು, ಕೈ ತೊಳೆದು ಬಂದು ಮತ್ತೆ ಅದನ್ನೇ ಬರೆದೆ.

ಒಂದು ದಿನ ಬೆಳಿಗ್ಗೆ ಹತ್ತೂವರೆಯ ಸುಮಾರಿಗೆ ಒಬ್ಬ ಹೆಣ್ಣುಮಗಳು ಸ್ಕೂಟಿ ನಿಲ್ಲಿಸಿ ಒಳಗೆ ಬಂದಳು. ಇಪ್ಪತ್ತಾರು, ಇಪ್ಪತ್ತೇಳು ವರ್ಷ ಇರಬಹುದು. ಕುತ್ತಿಗೆಗೆ ದುಪಟ್ಟಾ ಬಿಗಿಯಾಗಿ ಸುತ್ತಿದ್ದಳು. ಮಾಲೀಕರು ಹೊರಗೆ ಹೋಗಿದ್ದರು, ನಾನೊಬ್ಬಳೇ ಇದ್ದೆ. ಮದುವೆ ಕಾರ್ಡಿಗೆ ಬಂದಿರಬೇಕು ಎಂದುಕೊಂಡು, “ಬರ್ರಿ, ಕುಂದರ್ರಿ,” ಅಂದೆ.

ಅವಳು ಕೂರಲಿಲ್ಲ. ಫೋನನ್ನು ನನ್ನ ಮುಂದೆ ಹಿಡಿದಳು. “ಇದನ್ನ ಇಲ್ಲೇ ಬರೀತಾರಂತ. ರೋಣದ ಔಷಧಿ ಅಂಗಡ್ಯಾವ್ರು ಹೇಳಿದ್ರು. ಓದ್ರಿ.”

ನಾನು ಕಣ್ಣಾಡಿಸಿದೆ.

“ಹಂಗಲ್ರಿ. ಬಾಯಿ ಬಿಟ್ಟು ಓದ್ರಿ.”

ಬಿಳಿ ಮಚ್ಚೆ ಹರಡಿದ ಒಂದು ಕೈಯ ದೊಡ್ಡ ಫೋಟೋ. ಅದರ ಕೆಳಗಿನ ಸಾಲುಗಳನ್ನು ನಾನು ಓದಿದೆ: “ಯಕ್ಕಾ, ಮುಲಾಮ ಮುಗದಿರಬೇಕಲ್ಲ? ಮಚ್ಚಿ ಮಾರಿಗೆ ಹರಡೂ ಮೊದಲ ಲಗೂನ ಬಂದು ಒಯ್ರಿ. ನಿಮಗಂತ ಒಂದು ತಗದ ಇಟ್ಟೀವಿ.”

ಅವಳು ನಿಂತೇ ಹೇಳಿದಳು. ಅವಳ ಊರು ಸೂಡಿ. ಮನೆಯಲ್ಲೇ ಬ್ಲೌಸು ಹೊಲಿಯುತ್ತಾಳೆ. ಕುತ್ತಿಗೆಯ ಹಿಂದೆ ಸಣ್ಣ ಮಚ್ಚೆ ಎದ್ದಾಗ, ಗಜೇಂದ್ರಗಡ ಹತ್ತಿರವಾದರೂ ಇಲ್ಲಿ ಎಲ್ಲರೂ ಗುರುತಿನವರೆಂದು ರೋಣದವರೆಗೆ ಹೋಗಿ ಮುಲಾಮು ತಂದಿದ್ದಳು. ಮನೆಯಲ್ಲಿ ತಾಯಿಯನ್ನು ಬಿಟ್ಟು ಯಾರಿಗೂ ಗೊತ್ತಿರಲಿಲ್ಲ. ಹಿಂದಿನ ವಾರ ಅವಳನ್ನು ನೋಡಲು ಗಂಡಿನ ಕಡೆಯವರು ಬಂದಿದ್ದರು. ಹುಡುಗನ ಸೋದರತ್ತೆ ಇವಳ ಹೊಲಿಗೆಯನ್ನು ಮೆಚ್ಚಿ, ಬ್ಲೌಸಿನ ಫೋಟೋಗಳಿದ್ದರೆ ತೋರಿಸು ಎಂದರಂತೆ. ಇವಳು ಫೋನನ್ನು ಅವರ ಕೈಗೆ ಕೊಟ್ಟಳು. ಅವರು ಬೆರಳಿನಿಂದ ಒಂದೊಂದೇ ಸರಿಸಿ ನೋಡುತ್ತಿದ್ದಾಗ ಮೇಲಿನಿಂದ ಇದು ಇಳಿಯಿತು. ಏನೆಂದು ಅವರು ಒತ್ತಿದರು. ಆ ಕೈಯ ಫೋಟೋ ಇಡೀ ಫೋನಿನಲ್ಲಿ ಹರಡಿಕೊಂಡಿತು.

“ನಾ ಅದನ್ನ ತಪ್ಪಾಗಿ ಬಂದೈತಿ ಅಂದ್ನಿ,” ಅಂದಳು. “ಅವ್ರು ಅಂದ್ರು, ಇಲ್ಲವಾ, ಟಿಕ್ ಐತಲ್ಲ, ಖರೇ ಅಂಗಡಿಯಿಂದ ಬಂದೈತಿ. ಮುಂದಿಟ್ಟ ಚಹಾ ಹಂಗ ಬಿಟ್ಟು ಎದ್ರು.”

ನನ್ನ ಬಾಯಿಂದ ಏನು ಬಂತೆಂದು ಹೇಳಲು ನಾಚಿಕೆಯಾಗುತ್ತದೆ. “ಅದು ಕಂಪ್ಯೂಟರ್ ತಾನ ಬರೀತೈತ್ರಿ,” ಅಂದೆ. “ನಮ್ಮ ಕೈಯಾಗ ಏನೂ ಇಲ್ಲ.”

ಅವಳು ನನ್ನನ್ನೇ ನೋಡಿದಳು. ಸಿಟ್ಟಿನಿಂದಲ್ಲ. ತರಕಾರಿಯಲ್ಲಿ ಹುಳ ಕಂಡಾಗ ನೋಡುತ್ತೇವಲ್ಲ, ಹಾಗೆ.

“ಕಂಪ್ಯೂಟರಿಗೆ ‘ನಿಮಗಂತ ತಗದ ಇಟ್ಟೀವಿ’ ಅನ್ನೂದು ಹ್ಯಾಂಗ ಗೊತ್ತಾತ್ರಿ? ಇದನ್ನ ನಮ್ಮ ಕಡೆ ಹೆಣ್ಣಮಗಳು ಬರದಾಳ. ನೀವ ಬರದೀರಿ.”

ನಾನು ಮೇಜಿನ ಮೇಲಿದ್ದ ಹಳೆಯ ಕಾರ್ಡುಗಳನ್ನು ಜೋಡಿಸತೊಡಗಿದೆ.

“ನಾಕ ಸಲ ‘ಬ್ಯಾಡ’ ಒತ್ತೀನ್ರಿ. ಒತ್ತಿದಷ್ಟೂ ಬಂತು. ಗಂಡಿನವ್ರು ಬರೂ ಮೊದಲ ಮೂರ ಸಲ ಒತ್ತಿದ್ನಿ. ಇದನ್ನರ ನಿಂದರಸ್ರಿ.” ಇಷ್ಟು ಹೇಳಿ ಹೊರಟುಹೋದಳು.

ಒತ್ತಿದಷ್ಟೂ ಬಂತು ಎಂಬ ಮಾತು ನನ್ನನ್ನು ಕೂರಲು ಬಿಡಲಿಲ್ಲ. ‘ಬ್ಯಾಡ’ ಎಂಬ ಬಟನ್ ಇಟ್ಟವಳೇ ನಾನು. ಒತ್ತಿದವರಿಗೆ ‘ಆತ್ರಿ, ನಿಮಗ ತ್ರಾಸ ಕೊಡೂದಿಲ್ಲ’ ಎಂದು ಮರುಮಾತು ಬರುವಂತೆ ಬರೆದವಳೂ ನಾನೇ. ಅದರಾಚೆ ಏನಾಗುತ್ತದೆಂದು ಒಮ್ಮೆಯೂ ನೋಡಿರಲಿಲ್ಲ. ಅವತ್ತು ಮಾಲೀಕರ ಟೇಬಲ್ಲಿನ ಕಂಪ್ಯೂಟರಿನಲ್ಲಿ ತೆರೆದು ನೋಡಿದೆ. ‘ಬ್ಯಾಡ’ ಒತ್ತಿದವರೆಲ್ಲ ಒಂದು ಬೇರೆ ಪಟ್ಟಿಗೆ ಹೋಗಿದ್ದರು. ಪಟ್ಟಿಯ ತಲೆಯ ಮೇಲೆ ಮಾಲೀಕರು ತಮ್ಮ ಕೈಯಾರೆ ಹೆಸರಿಟ್ಟಿದ್ದರು: ‘ಜೀವಂತ ಗಿರಾಕಿ’. ಸುಮ್ಮನಿದ್ದವರಿಗಿಂತ ಅವರಿಗೆ ಹೆಚ್ಚು ಮೆಸೇಜ್ ಹೋಗುತ್ತಿದ್ದವು.

ಅಲ್ಲಿಯೇ ಇನ್ನೊಂದು ಕಂಡೆ. ಜನ ಬಟನ್ ಒತ್ತುವುದಷ್ಟೇ ಅಲ್ಲ, ಉತ್ತರ ಬರೆದಿದ್ದರು. ಅವುಗಳನ್ನು ಯಾರೂ ತೆರೆದಿರಲಿಲ್ಲ. ಅಬ್ಬಿಗೇರಿಯ ಒಬ್ಬಾಕೆ ಬರೆದಿದ್ದಳು: ‘ಯಕ್ಕಾ ನೀವು ಕೇಳಿದ್ದು ಚಲೋ ಆತು. ಗುಳಿಗಿ ತಗೊಂಡ್ರ ಭಾಳ ತಲಿ ತಿರಗತೈತಿ. ನಮ್ಮ ಮನ್ಯಾಗ ಹೇಳಿದ್ರ ಬೈತಾರ. ನಿಲ್ಲಸ್ಲ್ಯಾ?’ ಅದಕ್ಕೆ ನಮ್ಮ ಯಂತ್ರ ಉತ್ತರ ಕೊಟ್ಟಿತ್ತು: ‘ಭಾಳ ಚಲೋ ಆತ್ರಿ ಯಕ್ಕಾ! ಮತ್ತೇನು ಬೇಕು?’ ಆ ಉತ್ತರವೂ ನಾನು ಬರೆದಿಟ್ಟದ್ದೇ. ಬೆಳವಣಕಿಯ ಒಬ್ಬ ಹಿರಿಯರು ತಮ್ಮ ಕಾಲಿನ ಹುಣ್ಣಿನ ಫೋಟೋ ಕಳಿಸಿದ್ದರು. ಮೂರು ದಿನ ಬಿಟ್ಟು ಇನ್ನೊಂದು, ವಾರ ಬಿಟ್ಟು ಮತ್ತೊಂದು. ಹುಣ್ಣು ದೊಡ್ಡದಾಗುತ್ತ ಹೋಗಿತ್ತು. ಪ್ರತಿ ಸಲವೂ ಯಂತ್ರ, ‘ಭಾಳ ಚಲೋ ಆತ್ರಿ ಅಣ್ಣಾ!’ ಎಂದಿತ್ತು.

ನಾನು ಎದ್ದು ಹಿತ್ತಲಿಗೆ ಹೋದೆ. ಮುಖ ತೊಳೆದುಕೊಂಡೆ.

ಮಾಲೀಕರು ಮಧ್ಯಾಹ್ನ ಬಂದರು. ಕಂಡದ್ದನ್ನೆಲ್ಲ ಹೇಳಿದೆ. ಅವರು ಗಾಬರಿಯಾಗುತ್ತಾರೆ ಎಂದುಕೊಂಡಿದ್ದೆ. ಅವರು ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು ಸಮಾಧಾನವಾಗಿ ಕೇಳಿದರು.

“ಬ್ಯಾಡ ಅಂದವ್ರು ಮೆಸೇಜ್ ಓದ್ಯಾರಂತ ಆತಲ್ಲ ಅಕ್ಕಾರ? ಓದೂ ಮಂದೀನ ನಮಗ ಬೇಕು.”

“ಆ ಹುಡುಗಿ ಲಗ್ನ ಮುರದೈತ್ರಿ, ಸಾವ್ಕಾರ್ರ.”

“ಮಚ್ಚಿ ನಾವು ಹಚ್ಚೀವೇನು? ಇವತ್ತಿಲ್ಲಾಂದ್ರ ನಾಳೆ ಗೊತ್ತಾಗೂದ. ಒಂದ್ ಲೆಕ್ಕಕ್ಕ ನಾವು ಚಲೋನ ಮಾಡೀವಿ.”

“ಬೆಳವಣಕಿ ಅಜ್ಜಾರ ಕಾಲು?”

“ಕಾಲು ತೋರ್ಸಾಕ ದವಾಖಾನಿ ಐತಿ. ಮೆಸೇಜಿಗೆ ಯಾಕ ತೋರಸ್ತಾರ?”

ಯಾಕೆ ತೋರಿಸಿದರೆಂದರೆ, ‘ಅಣ್ಣಾ, ಕಾಲು ಹ್ಯಾಂಗದಾವು? ಮನಿ ಮಂದಿಗೆ ಹೇಳಿದಂಗ ನಮಗ ಹೇಳ್ರಿ’ ಎಂದು ನಾನು ಬರೆದಿದ್ದೆ. ಅವರು ನಂಬಿದರು. ಅದನ್ನು ಹೇಳಿದಾಗ ಮಾಲೀಕರು ನಕ್ಕರು. “ಅದಕ್ಕ ಅಲ್ಲೇನ್ರಿ ನಿಮ್ಮನ್ನ ಇಟ್ಕೊಂಡಿದ್ದು? ನೀವು ಬರದದ್ದು ಎದಿಗೆ ತಾಕತೈತಿ.” ಅವರು ನಿಜವಾಗಿ ಹೊಗಳುತ್ತಿದ್ದರು. ಕೆಂಪು ಹಲ್ಲು ಬಿಟ್ಟು ನಗುತ್ತಿದ್ದ ಆ ಮುಖವನ್ನು ನೋಡಲಾರದೆ ನಾನು ಕೀಬೋರ್ಡು ನೋಡಿದೆ. ಅಲ್ಲಿದ್ದವು ನನ್ನವೇ ಬೆರಳು. ಅವನ್ನೂ ನೋಡಲಾಗಲಿಲ್ಲ.

ಆ ವಾರ ‘ಬ್ಯಾಡ’ ಅಂದವರ ನಂಬರುಗಳನ್ನು ಒಂದೊಂದಾಗಿ ಹುಡುಕಿ ಎಲ್ಲ ಪಟ್ಟಿಗಳಿಂದ ತೆಗೆದೆ. ಶನಿವಾರ ಔಷಧಿ ಅಂಗಡಿಯಿಂದ ಹೊಸ ಪಟ್ಟಿ ಬಂತು. ತೆಗೆದವರೆಲ್ಲ ಮತ್ತೆ ಅದರಲ್ಲಿದ್ದರು. ಸೂಡಿಯವಳೂ ಇದ್ದಳು. ಅಂದೇ ರೋಣದ ಬಸ್ಸು ಹತ್ತಿ ಆ ಅಂಗಡಿಗೆ ಹೋದೆ. ಗಿರಾಕಿಗಳ ಔಷಧಿಯ ಪಟ್ಟಿ ಯಾರಿಗೂ ಕೊಡಬೇಡಿ, ನಮಗಂತೂ ಕೊಡಲೇಬೇಡಿ ಅಂದೆ. ಅಂಗಡಿಯವರು ಚೀಟಿ ನೋಡಿ ಗುಳಿಗೆ ಎಣಿಸುತ್ತಲೇ, “ಎಲ್ಲಾರೂ ಕೊಡಾಕತ್ತಾರ್ರಿ ಅಕ್ಕಾರ, ನಾವ್ ಕೊಡ್ಲಿಲ್ಲಂದ್ರ ಹಿಂದ ಬೀಳ್ತೀವಿ,” ಅಂದರು. ಅವರ ಹಿಂದೆ ಗೋಡೆಗೆ ನನ್ನ ಒಂದು ಸಾಲನ್ನು ದೊಡ್ಡದಾಗಿ ಮುದ್ರಿಸಿ ಅಂಟಿಸಿದ್ದರು. ಸೋಮವಾರ ಕೆಲಸ ಬಿಟ್ಟೆ.

ಬಿಡುವ ಮೊದಲು ಉತ್ತರ ಸಿಗದೆ ಉಳಿದವರಲ್ಲಿ ಕೆಲವರಿಗೆ ನನ್ನ ಸ್ವಂತ ಫೋನಿನಿಂದಲೇ ಕರೆ ಮಾಡಿದೆ. ಅಬ್ಬಿಗೇರಿಯಾಕೆ ಎತ್ತಿದಳು. ಗುಳಿಗೆಯನ್ನು ತಾನೇ ನಿಲ್ಲಿಸಿಬಿಟ್ಟಿದ್ದಳಂತೆ. ಡಾಕ್ಟರಿಗೆ ಹೇಳದೆ ನಿಲ್ಲಿಸಬಾರದು, ನಾಳೆಯೇ ಹೋಗಿ ಎಂದು ಕೈಮುಗಿದು ಹೇಳಿದಂತೆ ಹೇಳಿದೆ. ಹೋದಳೆಂದು ಆಮೇಲೆ ತಿಳಿಯಿತು. ಬೆಳವಣಕಿಯ ಅಜ್ಜನ ಫೋನನ್ನು ಅವರ ಸೊಸೆ ಎತ್ತಿದಳು. ಕಾಲು ನೋಡಿ ಮನೆಯವರೇ ಗದಗಿನ ದವಾಖಾನೆಗೆ ಕರೆದೊಯ್ದಿದ್ದರು, ಅಲ್ಲಿ ಡಾಕ್ಟರು ಒಂದು ಬೆರಳು ತೆಗೆದಿದ್ದರು. ಅಷ್ಟು ಹೇಳಿ ಅವಳೇ ಕೇಳಿದಳು, “ನೀವು ಯಾವ ಅಂಗಡಿಯಿಂದ್ರಿ? ಈಗ ಏನೂ ಬೇಕಾಗಿಲ್ಲ.” ಫೋನ್ ಇಟ್ಟಳು.

ಎರಡು ತಿಂಗಳಾದ ಮೇಲೆ ಸೂಡಿಗೆ ಹೋದೆ. ಹೊಲಿಗೆ ಮನೆ ಎಂದು ಕೇಳಿದರೆ ಯಾರು ಬೇಕಾದರೂ ತೋರಿಸುತ್ತಿದ್ದರು. ಅವಳು ಹೊಲಿಗೆ ಯಂತ್ರದ ಮುಂದೆ ಕೂತು ಬ್ಲೌಸಿಗೆ ತೋಳು ಜೋಡಿಸುತ್ತಿದ್ದಳು. ಕುತ್ತಿಗೆಗೆ ದುಪಟ್ಟಾ ಇರಲಿಲ್ಲ. ಮಚ್ಚೆ ಕಾಣುತ್ತಿತ್ತು. ನನ್ನನ್ನು ಗುರುತಿಸಿದಳು, ಆದರೆ ಯಂತ್ರ ತುಳಿಯುವುದನ್ನು ನಿಲ್ಲಿಸಲಿಲ್ಲ. ಅವಳ ತಾಯಿ ಚಾಪೆ ಹಾಸಿ ನೀರು ಕೊಟ್ಟರು. ಗಂಡಿನ ಕಡೆಯವರು ಮತ್ತೆ ಹೇಳಿಕಳಿಸಿದ್ದರು, ಹುಡುಗನಿಗೆ ಅಡ್ಡಿ ಇಲ್ಲವಂತೆ ಎಂದು ತಾಯಿಯೇ ಹೇಳಿದರು.

“ನಾ ಒಲ್ಲೆ ಅಂದ್ನಿ,” ಅಂದಳು ಅವಳು, ಹೊಲಿಗೆಯ ಮೇಲಿನ ಕಣ್ಣು ತೆಗೆಯದೆ. “ಚಹಾ ಬಿಟ್ಟು ಎದ್ದವ್ರ ಮನಿಗೆ ಹೋಗಿ ನಾ ಏನ್ ಬದುಕ್ಲಿ?”

ನಾನು ಬಂದ ಕಾರಣ ಹೇಳಿದೆ. ತಪ್ಪಾಯಿತು, ಆ ದಿನ ಸುಳ್ಳು ಹೇಳಿದೆ, ಕೆಲಸ ಬಿಟ್ಟೆ, ನಿಮ್ಮ ಮನೆಯ ನೋವು ನನ್ನ ಮನೆಯದೇ ಅನ್ನಿಸುತ್ತದೆ ತಂಗಿ, ಎಂದೆಲ್ಲ. ಕಣ್ಣಲ್ಲಿ ನೀರೂ ಬಂದಿತ್ತು. ಅವಳು ಯಂತ್ರ ನಿಲ್ಲಿಸಿ ಪೂರ್ತಿ ಕೇಳಿದಳು.

“ಭಾಳ ಚಂದ ಮಾತಾಡ್ತೀರಿ ನೀವು,” ಅಂದಳು. “ಅದಕ್ಕ ನನಗ ನಂಬಿಕಿ ಬರವಲ್ದು.”

ಅವಳ ತಾಯಿ ಹಾಗನ್ನಬಾರದು ಎಂದು ಗದರಿದರು. ನಾನು ಇರಲಿ ಬಿಡ್ರಿ ಅಂದೆ. ಲೋಟದಲ್ಲಿ ಉಳಿದ ನೀರು ಕುಡಿದು ಎದ್ದೆ. ಬಸ್ಸು ಬರಲು ಇನ್ನೂ ಮುಕ್ಕಾಲು ತಾಸಿತ್ತು. ಎರೆಹೊಲದ ಅಂಚಿನ ನಿಲ್ದಾಣದಲ್ಲಿ ಇಬ್ಬರು ಹೆಂಗಸರು ಕೂತಿದ್ದರು. ಒಬ್ಬಾಕೆ ಸರಿದು ಜಾಗ ಕೊಟ್ಟು, ಯಾವ ಊರವ್ವಾ, ಯಾರ ಮನಿಗೆ ಬಂದಿದ್ದಿ ಎಂದು ಕೇಳಿದಳು. ನನ್ನ ಊರಿನ ಹೆಸರಷ್ಟೇ ಹೇಳಿದೆ, ‘ಯಕ್ಕಾ’ ಎಂದು ಅದರ ಜೊತೆ ಸೇರಿಸಲಿಲ್ಲ.