ಮೆಮೊರಿ ಕಾರ್ಡಿಗೆ ಇಟ್ಟ ಕುಂಕುಮ

ಕುಂಕುಮ ಇಟ್ಟರೆ ಕೆಟ್ಟುಹೋಗುವ ವಸ್ತುವೂ ಲೋಕದಲ್ಲಿದೆ ಎಂದು ನನಗೆ ಗೊತ್ತಾದದ್ದು ಕಳೆದ ನವರಾತ್ರಿಯ ನಂತರ. ಅಲ್ಲಿಯವರೆಗೆ ಈಳಿಗೆಮಣೆ, ಮಿಕ್ಸಿ, ಸ್ಕೂಟರು, ಗ್ಯಾಸಿನ ಒಲೆ, ಯಾವುದೂ ನನ್ನ ಕುಂಕುಮಕ್ಕೆ ಬೇಸರಪಟ್ಟುಕೊಂಡಿರಲಿಲ್ಲ.

ನಮ್ಮ ಯಜಮಾನರು ವಿಡಿಯೋ ಕ್ಯಾಮೆರಾ ತಂದದ್ದು ಅತ್ತೆಯವರ ಒಂದು ಪದಕ್ಕಾಗಿ. ಬಸುರಿಗೆ ಬಳೆ ತೊಡಿಸಿ ಆರತಿ ಎತ್ತುವಾಗ ಹೇಳುವ ಪದ ಅದು. ದಂಡಿಗನಹಳ್ಳಿಯ ತವರಿನಿಂದ ಅತ್ತೆ ತಂದದ್ದು. ಈಗ ಅವರೊಬ್ಬರಿಗೇ ಪೂರ್ತಿ ಬರುವುದು. ನನಗೆ ಕಲಿಸಲು ನೋಡಿ ಕೈಬಿಟ್ಟರು. ನನ್ನ ಗಂಟಲು ದೇವರ ಮುಂದೆ ಮಾತ್ರ ತೆರೆಯುವಂಥದ್ದು, ದೇವರು ತಾಳ್ಮೆಯವನು. ಸುಮ್ಮನೆ ಒಂದು ಸಲ ಹೇಳಿ, ಹಿಡಿದಿಟ್ಟುಕೊಳ್ಳುತ್ತೇವೆ ಎಂದರೆ ಅತ್ತೆ ಒಪ್ಪುವವರಲ್ಲ. “ಆರ್ತಿ ಇಲ್ದೆ ಆ ಪದ ಯೋಳ್ಬಾರ್ದು ಕಣವ್ವ” ಎನ್ನುತ್ತಾರೆ. ಅಷ್ಟರಲ್ಲಿ ಮಗಳು ಸುಮಳ ಸೀಮಂತ ಹತ್ತಿರ ಬಂತು. ಅವಳ ನಂತರ ನಮ್ಮ ಮನೆಯಲ್ಲಿ ಬಳೆ ತೊಡಿಸಿಕೊಳ್ಳುವ ಹೆಣ್ಣುಮಕ್ಕಳಿಲ್ಲ. ಅಂದು ಹಿಡಿದರೆ ಉಂಟು, ಇಲ್ಲದಿದ್ದರೆ ಇಲ್ಲ.

ಕ್ಯಾಮೆರಾ ಬಂದಷ್ಟು ಸಲೀಸಾಗಿ ಕಾರ್ಡು ಬರಲಿಲ್ಲ. ಹಾಸನದ ಅಂಗಡಿಯಲ್ಲಿ ಯಜಮಾನರು ಎಲ್ಲಕ್ಕಿಂತ ದೊಡ್ಡದು ಕೊಡಿ ಎಂದರು. ಪಾತ್ರೆ ಅಂಗಡಿಯಲ್ಲೂ ಅವರದು ಇದೇ ಮಾತು. ಎಷ್ಟು ಹಿಡಿಯುತ್ತದೆ ಎನ್ನುವುದಷ್ಟೇ ಅಲ್ಲ, ಎಷ್ಟು ಬೇಗ ತುಂಬಿಕೊಳ್ಳುತ್ತದೆ ಎಂದೂ ನೋಡಬೇಕು, ನಿಧಾನದ ಕಾರ್ಡಾದರೆ ರೆಕಾರ್ಡಿಂಗ್ ನಡುವೆಯೇ ನಿಂತುಬಿಡುತ್ತದೆ ಎಂದರು ಅಂಗಡಿಯವರು. ನನಗೆ ತಕ್ಷಣ ಅರ್ಥವಾಯಿತು. ಆಲಿಕೆಯ ಬಾಯಿ ಕಿರಿದಾಗಿದ್ದು ಎಣ್ಣೆ ಸುರಿಯುವವರು ಆತುರಗಾರರಾದರೆ ಏನಾಗುತ್ತದೆಂದು ನನ್ನ ಅಡುಗೆಮನೆಯ ನೆಲಕ್ಕೆ ಗೊತ್ತು. ದೊಡ್ಡದರ ಜೊತೆಗೆ ಸಣ್ಣದೊಂದು ಇರಲಿ ಎಂದು ನಾನೇ ಹಟ ಹಿಡಿದೆ. ಉಪ್ಪಿನಕಾಯಿಯನ್ನು ಒಂದೇ ಜಾಡಿಗೆ ತುಂಬಿ ನಿದ್ದೆ ಮಾಡಿದವಳಲ್ಲ ನಾನು.

ಕಾರ್ಡನ್ನು ಬಳಸುವ ಮೊದಲು ಅದೇ ಕ್ಯಾಮೆರಾದಲ್ಲಿ ಫಾರ್ಮ್ಯಾಟ್ ಮಾಡಬೇಕಂತೆ. ಅಂದರೆ ಒಳಗಿರುವುದನ್ನೆಲ್ಲ ಅಳಿಸಿ ಹದ ಮಾಡುವುದು. ಜಾಡಿ ತೊಳೆದು, ಬಿಸಿಲಿಗಿಟ್ಟು, ಇಂಗಿನ ಹೊಗೆ ಕೊಡುವ ಕೆಲಸವೇ. ನಮ್ಮೂರಿನಿಂದ ಬಸ್ಸು ಹತ್ತಿದರೆ ಬೆಳಗೊಳದ ಬೆಟ್ಟ. ಅಲ್ಲಿ ಬಂಡೆಯ ಮೇಲೆ ಕೊರೆದ ಅಕ್ಷರಗಳಿಗೆ ಎಷ್ಟು ಕಾಲವಾಯಿತೋ, ಇನ್ನೂ ಕೂತಿವೆ. ಬಂಡೆಗೆ ಅಳಿಸುವ ಗುಂಡಿ ಇಲ್ಲದ್ದು ದೊಡ್ಡ ಪುಣ್ಯ. ನಮ್ಮ ಯಜಮಾನರಂಥವರು ಆಗಲೂ ಇದ್ದಿರಬೇಕಲ್ಲ.

ದೊಡ್ಡ ಕಾರ್ಡನ್ನು ಅವರು ಹಬ್ಬಕ್ಕೆ ಮೊದಲೇ ಹದ ಮಾಡಿ, ಕ್ಯಾಮೆರಾದೊಳಗಿಟ್ಟು, ಸೀಮಂತದವರೆಗೆ ಯಾರೂ ಮುಟ್ಟಕೂಡದೆಂದರು. ತಮ್ಮ ಸ್ವಂತಕ್ಕೆ ಬೇಕಾದಾಗ ಮಾತ್ರ ಅದನ್ನು ತೆಗೆದು ಸಣ್ಣದನ್ನು ಹಾಕಿಕೊಳ್ಳುತ್ತಿದ್ದರು. ಬೆಳಿಗ್ಗೆ ಮಾಡುವ ಸೂರ್ಯನಮಸ್ಕಾರವನ್ನು ಅದರಲ್ಲಿ ಹಿಡಿಯುವರು. ಹೊಟ್ಟೆ ಕರಗುತ್ತಿರುವುದಕ್ಕೆ ಸಾಕ್ಷಿ ಬೇಕಂತೆ. ನನ್ನ ಕಣ್ಣಿಗೆ ಕಾಣದ್ದು ಕ್ಯಾಮೆರಾಕ್ಕಾದರೂ ಕಾಣಲಿ ಎಂದುಕೊಂಡೆ.

ಸಣ್ಣ ಕಾರ್ಡು ತುಂಬಿ, ದೊಡ್ಡದು ಮತ್ತೆ ಒಳಗೆ ಸೇರಿದ ಮೇಲೆ ಆಯುಧಪೂಜೆ ಬಂತು. ಕ್ಯಾಮೆರಾದ ಮೈಗೆ ಕುಂಕುಮವಿಟ್ಟೆ. ಆದರೆ ನೆನಪಿಟ್ಟುಕೊಳ್ಳುವುದು ಒಳಗಿನ ಕಾರ್ಡು. ಹೊರಗಿನವರಿಗೆ ಉಪಚಾರ ಮಾಡಿ ಒಳಗಿರುವವರನ್ನು ಬಿಡುವುದೇ? ಮೆಲ್ಲಗೆ ಹೊರಗೆಳೆದೆ. ಹಿಂಬದಿಯಲ್ಲಿ ಚಿನ್ನದ ಬಣ್ಣದ ಗೆರೆಗಳು, ಥೇಟು ಹಣೆಯಂತೆ. ಅಲ್ಲಿಗೇ ಎಣ್ಣೆಯಲ್ಲಿ ಕಲಸಿದ ಕುಂಕುಮದ ಬೊಟ್ಟಿಟ್ಟು, ಅತ್ತೆಯ ಪದ ಕಾಯುವ ಭಾರ ನಿನ್ನದು ತಾಯಿ ಎಂದು ದೇವಿಯನ್ನು ಬೇಡಿಕೊಂಡು, ಸ್ವಸ್ಥಾನಕ್ಕೆ ಸೇರಿಸಿದೆ.

ಸೀಮಂತದ ದಿನ ಸುಮಳ ಕೈ ತುಂಬ ಹಸಿರು ಬಳೆ. ತಟ್ಟೆಯಲ್ಲಿ ದೀಪ ಹಚ್ಚಿದ್ದಾಯಿತು, ಅತ್ತೆ ಗಂಟಲು ಸರಿಮಾಡಿಕೊಂಡರು. ಕ್ಯಾಮೆರಾ ಮಾತ್ರ ಕಾರ್ಡೇ ಇಲ್ಲ ಎಂದಿತು. ಯಜಮಾನರು ಹೊರಗೆಳೆದು ನೋಡಿ, ಕುಂಕುಮವನ್ನೂ ನನ್ನನ್ನೂ ಮತ್ತೆ ಮತ್ತೆ ನೋಡಿದರು. ಸೆರಗಿನಲ್ಲಿ ಒರೆಸಿಕೊಟ್ಟೆ, ಪ್ರಯೋಜನವಾಗಲಿಲ್ಲ. ಸ್ವಲ್ಪ ತಡಿ ಎಂದು ಅವರು ತಮ್ಮ ತಾಯಿಯನ್ನು ಬೇಡಿಕೊಂಡರು.

“ಬತ್ತಿ ಉರೀತಾ ಐತೆ ಕಣ್ಲಾ,” ಎಂದರು ಅತ್ತೆ. “ನಿನ್ ಡಬ್ಬಕ್ಕೋಸ್ಕರ ಆರ್ತಿ ಕಾಯ್ಕಂಡ್ ಕೂತದಾ?”

ಉಳಿದದ್ದು ಸಣ್ಣ ಕಾರ್ಡು. ಅದರಲ್ಲಿ ಜಾಗವೆಲ್ಲ ಸೂರ್ಯನಮಸ್ಕಾರದ್ದೇ. ಬೇರೆಡೆ ಉಳಿಸಿಕೊಂಡಿರಲಿಲ್ಲ. ಎಲ್ಲ ಅಳಿಸಲೇ ಎಂದು ಕ್ಯಾಮೆರಾ ಕೇಳಿತು. ಅವರ ಬೆರಳು ಗುಂಡಿಯ ಮೇಲೆ ನಿಂತೇಬಿಟ್ಟಿತು.

“ಒತ್ತಿ ಅಂದ್ರೆ,” ಎಂದೆ. “ಹೊಟ್ಟೆ ಎಲ್ಲೂ ಓಗಕಿಲ್ಲ.”

ಒತ್ತಿದರು. ಅತ್ತೆಯ ಮೊದಲ ಸೊಲ್ಲಿಗೆ ಸರಿಯಾಗಿ ಕೆಂಪು ದೀಪ ಮಿನುಗಿತು. ಪದ ಕೊನೆಯವರೆಗೂ ಬಂತು, ನಡುವೆ ಅತ್ತೆ ಕೆಮ್ಮಿದ್ದೂ ಬಂತು. ದೊಡ್ಡ ಕಾರ್ಡೂ ಆಮೇಲೆ ರಬ್ಬರಿನಿಂದ ಉಜ್ಜಿದಾಗ ಸಿಟ್ಟು ಬಿಟ್ಟಿತು. ನಾನು ಬೇಡಿದ್ದು ಒಂದು ಕಾರ್ಡಿಗೆ, ತಾಯಿ ಒಲಿದದ್ದು ಇನ್ನೊಂದಕ್ಕೆ; ಒಲಿದಳಲ್ಲ, ಸಾಕು.

ಸಂಜೆ ಸುಮ ದಣಿದು ಮಲಗಿದ್ದಳು. ಟಿವಿಯಲ್ಲಿ ಪದ ಹಾಕಿದೆವು. ಒಂದು ಸಾಲು ಬಂದಿತ್ತಷ್ಟೆ, ಅತ್ತೆ ಕೈ ಎತ್ತಿ ನಿಲ್ಲಿಸಿದರು.

“ಪದ ಸುರುವಾದ್ಮೇಲೆ ಆರ್ತಿ ಬ್ಯಾಡ್ವಾ?”

ಅದು ಟಿವಿ ಎಂದು ಹೇಳಿ ನೋಡಿದೆವು. ಪದ ನನ್ನದು ತಾನೆ ಎಂದರು. ತಟ್ಟೆ ಬಂತು, ದೀಪ ಹಚ್ಚಿದ್ದಾಯಿತು. ಎತ್ತುವುದು ಯಾರಿಗೆ? ಅತ್ತೆ ಸುತ್ತಲೂ ನೋಡಿ, ಕುರ್ಚಿಯಲ್ಲಿ ಕೂತಿದ್ದ ತಮ್ಮ ಮಗನನ್ನು ಗಲ್ಲದಲ್ಲೇ ತೋರಿಸಿದರು.

ಈಗ ನೆಂಟರು ಯಾರಾದರೂ ಆ ಪದ ಕೇಳಬೇಕೆಂದರೆ ಮನೆಯಲ್ಲಿ ಅದೇ ಪದ್ಧತಿ. ಯಜಮಾನರು ತಾವಾಗಿಯೇ ಬಂದು ಕುರ್ಚಿಯಲ್ಲಿ ನೆಟ್ಟಗೆ ಕೂರುತ್ತಾರೆ. ತುಂಬಿದ ಬಸುರಿಗೆ ಆರತಿ ಎನ್ನುವ ಸಾಲು ಬಂದಾಗ ನಾನು ತಟ್ಟೆ ಎತ್ತುತ್ತೇನೆ. ಎಲ್ಲಿಯಾದರೂ ತಪ್ಪಾಯಿತೆಂದು ಇದುವರೆಗೆ ಯಾವ ನೆಂಟರೂ ಹೇಳಿಲ್ಲ.